ಮುಂದಿನ ವರ್ಷದ ಬೆನ್ನು

ಅವರನ್ನು ಮಾಡಿ ತೋರಿಸುವುದು ಸುಲಭ ಎಂದು ನಮ್ಮ ಬೀದಿಯ ಹುಡುಗರೆಲ್ಲ ತಿಳಿದಿದ್ದರು. ಬೆನ್ನು ಬಗ್ಗಿಸಿ, ಕೈ ಹಿಂದಕ್ಕೆ ಕಟ್ಟಿ, ನೆಲ ನೋಡುತ್ತ ನಾಲ್ಕು ಹೆಜ್ಜೆ ಹಾಕಿದರೆ ಸಾಕು, ಕೊಡೆ ಸಾರ್ ಬಂದರು ಎಂದು ಕಟ್ಟೆಯ ಮೇಲೆ ಕೂತವರು ನಗುತ್ತಿದ್ದರು. ನಾನು ನಗುತ್ತಿರಲಿಲ್ಲ. ಮರುಕದಿಂದಲ್ಲ, ವೃತ್ತಿಮತ್ಸರದಿಂದ. ಆ ಹುಡುಗರು ಮಾಡುತ್ತಿದ್ದದ್ದು ಯಾರೋ ಒಬ್ಬ ಮುದುಕನನ್ನು. ಕೊಡೆ ಸಾರ್ ಮುದುಕರಲ್ಲ, ನಲವತ್ತು ದಾಟಿದ್ದರಷ್ಟೆ. ಮುದುಕ ಬಗ್ಗಿದರೆ ಮಂಡಿಯೂ ಬಗ್ಗುತ್ತದೆ, ಕೈಯೂ ನಡುಗುತ್ತದೆ. ಇವರ ಕಾಲು ಜಟಕಾ ಕುದುರೆಯ ಕಾಲಿನಷ್ಟು ಗಟ್ಟಿ. ಸೊಂಟದಿಂದ ಕೆಳಗೆ ಒಬ್ಬ ಯುವಕ. ಸೊಂಟದಿಂದ ಮೇಲೆ ಅವನು ಹೊತ್ತುಕೊಂಡು ಹೋಗುತ್ತಿರುವ ಒಂದು ಮೂಟೆ. ಕತ್ತು ತಿರುಗುವುದಿಲ್ಲ. ಪಕ್ಕಕ್ಕೆ ನೋಡಬೇಕೆಂದರೆ ಇಡೀ ಮನುಷ್ಯ ಸಣ್ಣ ರಸ್ತೆಗೆ ಸಿಕ್ಕ ಲಾರಿಯಂತೆ ತಿರುಗಬೇಕು. ಇಷ್ಟನ್ನು ಕಲಿಯಲು ನನಗೆ ಬಿ.ಕಾಂ.ನಷ್ಟೇ ಕಾಲ ಹಿಡಿಯಿತು. ವ್ಯತ್ಯಾಸವೆಂದರೆ ಇದರಲ್ಲಿ ಪಾಸಾದೆ.

ಅವರು ತೀರಿಕೊಂಡು ಇನ್ನೂ ವರ್ಷ ತುಂಬಿಲ್ಲ. ಅವರ ಬಗ್ಗೆ ಬರೆಯುತ್ತೇನೆಂದು ಅವರ ಹೆಂಡತಿಗೆ ಹೇಳಿದಾಗ, ಬತ್ತಿ ಹೊಸೆಯುತ್ತ ಕೂತಿದ್ದ ಆಂಟಿ ತಲೆಯೆತ್ತದೆ ಹೇಳಿದರು: "ಬರ್ಕೋ. ಹೆಸರು ಮಾತ್ರ ಹಾಕ್ಬೇಡ. ಹೆಸರು ಹಾಕಿದ್ರೆ ಓದಿದೋರು ಅಯ್ಯೋ ಪಾಪ ಅಂತಾರೆ. ಅದೊಂದು ಮಾತು ಇವ್ರಿಗೆ ಆಗ್ತಿರ್ಲಿಲ್ಲ." ಆದ್ದರಿಂದ ಹೆಸರಿಲ್ಲ. ಕೊಡೆ ಸಾರ್ ಎನ್ನುವುದು ಬೀದಿಯ ಹೆಸರು. ಕೊಡೆಯ ಹಿಡಿಯಂತೆ ಬಾಗಿದ್ದರು, ಅದಕ್ಕೆ. ಇಟ್ಟವನು ನಾನೇ. ಅದು ಅವರಿಗೂ ಗೊತ್ತಿತ್ತು. "ಬಾವಲಿ ಅಂತ ಇಡ್ಲಿಲ್ವಲ್ಲ, ನನ್ನ ಪುಣ್ಯ," ಅಂದಿದ್ದರು.

ರಾಜಾಜಿನಗರದಲ್ಲಿ ನಮ್ಮ ಮನೆಯಿಂದ ಎರಡು ಮನೆ ಆಚೆ ಅವರಿದ್ದದ್ದು. ಗಂಡ ಹೆಂಡತಿ ಇಬ್ಬರೇ, ಮಕ್ಕಳಿರಲಿಲ್ಲ. ಕಾರ್ಖಾನೆಯೊಂದರಲ್ಲಿ ಯಂತ್ರದ ಬಿಡಿಭಾಗಗಳ ನಕ್ಷೆ ಬರೆಯುವ ಡ್ರಾಫ್ಟ್ಸ್‌ಮನ್ ಕೆಲಸ. ಬೋರ್ಡಿನ ಮೇಲೆ ಬಗ್ಗಿ ಬಗ್ಗಿ ಬೆನ್ನು ಹಾಗಾಯಿತು ಎಂದು ನಮ್ಮಪ್ಪ ನನ್ನೆದುರು ಹೇಳುತ್ತಿದ್ದರು. ಯಾವ ಉದ್ದೇಶದಿಂದ ಹೇಳುತ್ತಿದ್ದರೋ ಕಾಣೆ, ಪುಸ್ತಕದ ಮೇಲೆ ಬಗ್ಗದಿರಲು ನನಗೊಂದು ಒಳ್ಳೆಯ ಕಾರಣ ಸಿಕ್ಕಿತು. ನಿಜ ಬೇರೆ. ಬೆನ್ನುಮೂಳೆಯ ಒಂದೊಂದು ಗಂಟೂ ಪಕ್ಕದ ಗಂಟಿಗೆ ಅಂಟಿಕೊಂಡು ಎಲ್ಲ ಸೇರಿ ಒಂದೇ ಕಂಬಿಯಾಗಿಬಿಡುವ ಕಾಯಿಲೆ ಅವರದು. ಬಾಗಿಕೊಂಡೇ ಅಂಟುತ್ತದೆ, ಅಂಟಿದ್ದು ಬಿಡುವುದಿಲ್ಲ, ವರ್ಷ ವರ್ಷಕ್ಕೂ ಇನ್ನಷ್ಟು ಬಾಗುತ್ತದೆ. ನೋವಿಗೆ ಮಾತ್ರೆಯಿತ್ತು. ಬಾಗುವುದಕ್ಕೆ ಏನೂ ಇರಲಿಲ್ಲ. "ಡಾಕ್ಟ್ರು ನನ್ನ ಎಕ್ಸ್‌ರೇ ಬೆಳಕಿಗೆ ಹಿಡಿದು, ಒಳ್ಳೆ ಬಿದಿರು ಬೊಂಬಿನ ಹಾಗಿದೆ ನೋಡ್ರಿ ಅಂದ್ರು ಕಣಯ್ಯ. ಅವ್ರಿಗೆ ಎಷ್ಟು ಖುಷಿ ಅಂದ್ರೆ, ಸ್ಟೂಡೆಂಟ್ಸ್‌ನೆಲ್ಲ ಕರ್ದು ತೋರಿಸಿದ್ರು," ಎನ್ನುತ್ತಿದ್ದರು.

ನೋವಿಗಿಂತ ಅವರನ್ನು ಹೆಚ್ಚು ಕಾಡಿದ್ದು ಒಂದು: ಅವರಿಗೆ ಯಾರ ಮುಖವೂ ಕಾಣುತ್ತಿರಲಿಲ್ಲ. ಕಣ್ಣು ಚೆನ್ನಾಗಿಯೇ ಇತ್ತು, ಆದರೆ ಅದು ನೆಟ್ಟಿದ್ದದ್ದು ನೆಲಕ್ಕೆ. ಹೀಗಾಗಿ ನಮ್ಮ ಬೀದಿಯ ಕಾಲುಗಳ ಬಗ್ಗೆ ಅವರಷ್ಟು ತಿಳಿದವರು ಬೇರೆ ಇರಲಿಲ್ಲ. ಹವಾಯಿ ಚಪ್ಪಲಿಯ ಬಾರಿಗೆ ಪಿನ್ನು ಚುಚ್ಚಿಕೊಂಡವನು ನಾನು. ಹಿಮ್ಮಡಿ ಒಡೆದದ್ದು ನಮ್ಮಮ್ಮ. ಬೂಟಿಗೆ ಪಾಲಿಷ್ ಇದ್ದರೆ ತಿಂಗಳ ಮೊದಲ ವಾರದ ನಮ್ಮಪ್ಪ, ಇಲ್ಲದಿದ್ದರೆ ಕೊನೆಯ ವಾರದ ನಮ್ಮಪ್ಪ. ಒಮ್ಮೆ ಬಸ್ ಸ್ಟಾಪಿನಲ್ಲಿ ಕಂದು ಬೂಟುಗಳನ್ನು ಕಂಡು, ತಮ್ಮ ಆಫೀಸರೇ ನಿಂತಿದ್ದಾರೆಂದು ತಿಳಿದು, ಆಸ್ಪತ್ರೆಯ ವಿಷಯ, ರಜೆಯ ವಿಷಯ ಎಲ್ಲವನ್ನೂ ವಿವರವಾಗಿ ಹೇಳಿಕೊಂಡರಂತೆ. ಬೂಟುಗಳು ತಾಳ್ಮೆಯಿಂದ ಕೇಳಿದವು. ಕೊನೆಗೆ ಮೇಲಿನಿಂದ ಒಂದು ದನಿ ಬಂತು: "ಕೊಡ್ತಾರೆ ಬಿಡಿ ಸ್ವಾಮಿ ರಜೆ. ಅಂದಂಗೆ ಮಾಗಡಿ ಬಸ್ ಇಲ್ಲೇ ನಿಲ್ಲುತ್ತಾ?"

ಈ ಕಥೆಯನ್ನು ಅವರೇ ನಗುತ್ತ ಹೇಳಿದ್ದು. ಆದರೆ ಅಂದಿನಿಂದ ಯಾರನ್ನೂ ತಾವಾಗಿ ಮಾತಾಡಿಸುವುದನ್ನು ಬಿಟ್ಟರು. ಮದುವೆ ಮುಂಜಿಗೆ ಹೋಗುವುದನ್ನೂ ಬಿಟ್ಟರು. "ಛತ್ರದಲ್ಲಿ ಎಲ್ರೂ ಚಪ್ಪಲಿ ಬಾಗಿಲಲ್ಲೇ ಬಿಟ್ಟು ಬರ್ತಾರೆ. ಬರಿಗಾಲಲ್ಲಿದ್ರೆ ಯಾರು ಯಾರೋ, ನಂಗೇನು ಗೊತ್ತಾಗುತ್ತೆ?"

ನಮ್ಮಿಬ್ಬರ ಪರಿಚಯವಾದದ್ದು ನೆರಳಿನಿಂದ. ಆಗ ಎಮರ್ಜೆನ್ಸಿ. ದಿಲ್ಲಿಯ ದೊಡ್ಡವರ ದನಿ ಅನುಕರಿಸಿದರೆ ಜೈಲಿಗೆ ಹಾಕುತ್ತಾರೆಂದು ನಮ್ಮಪ್ಪ ಹೆದರಿಸಿದ್ದರಿಂದ ನನ್ನ ಕಲೆಯೆಲ್ಲ ಬೀದಿಯವರ ಮೇಲೆ ಬಿದ್ದಿತ್ತು: ರೇಷನ್ ಅಂಗಡಿಯವನ ಕೆಮ್ಮು, ಕಂಡಕ್ಟರನ ಸೀಟಿ, ಹೊಡೆಯುವ ಮೊದಲು ಗಂಟಲು ಸರಿಮಾಡಿಕೊಳ್ಳುವ ನಮ್ಮಪ್ಪ. ಹೆಣ್ಣುಮಕ್ಕಳು ಎದುರಾದಾಗ ಹೊಟ್ಟೆ ಒಳಗೆಳೆದುಕೊಂಡು ಇಲ್ಲದ ಮೀಸೆ ತೀಡಿಕೊಳ್ಳುವ ನಾನು ಕೂಡ ಒಂದು ಐಟಂ, ಅದಕ್ಕೇ ಹೆಚ್ಚು ಚಪ್ಪಾಳೆ. ಒಂದು ಸಂಜೆ ಕೊಡೆ ಸಾರ್ ಬಸ್ಸಿಳಿದು ಮನೆಗೆ ಹೋಗುತ್ತಿದ್ದಾಗ ನಾನು ಹಿಂದೆಯೇ, ಅವರಂತೆ ಬಾಗಿ, ಹೆಜ್ಜೆಗೆ ಹೆಜ್ಜೆ ಹಾಕುತ್ತ ಹೊರಟೆ. ಕಟ್ಟೆಯ ಮೇಲಿನ ಗೆಳೆಯರು ಬಾಯಿಗೆ ಕೈ ಅಡ್ಡ ಹಿಡಿದು ಒದ್ದಾಡುತ್ತಿದ್ದರು. ಬಾಗಿದವರಿಗೆ ಹಿಂದೆ ಏನೂ ಕಾಣುವುದಿಲ್ಲವೆಂಬುದು ನನ್ನ ಧೈರ್ಯ. ಸಂಜೆಬಿಸಿಲು ಓರೆಯಾಗಿ ಹಿಂದಿನಿಂದ ಬೀಳುತ್ತಿದೆ, ನಮ್ಮಿಬ್ಬರ ನೆರಳೂ ಅವರ ಕಣ್ಣ ಮುಂದೆಯೇ ಹಾಸಿಕೊಂಡಿವೆ ಎನ್ನುವುದು ಹೊಳೆಯಲಿಲ್ಲ.

ಅವರು ನಿಂತರು. ನಾನೂ ನಿಂತೆ.

"ಎಡಕ್ಕೆ," ಅಂದರು.

"ಸಾರ್?"

"ನಾನು ಸ್ವಲ್ಪ ಎಡಕ್ಕೆ ವಾಲ್ತೀನಿ. ನೀನು ನೆಟ್ಟಗೆ ಬಗ್ಗಿದೀಯ. ನೆರಳು ನೋಡು, ಒಂದೇ ಥರ ಇಲ್ಲ."

ಓಡಿಹೋಗಬೇಕಾಗಿತ್ತು. ಬದಲು ಎಡಕ್ಕೆ ವಾಲಿದೆ.

"ಹಾಂ, ಈಗ ಸರಿ. ಪಿನ್ನು ಹಾಕಿರೋ ಚಪ್ಪಲಿ ತಾನೆ ನೀನು? ಎಷ್ಟು ದಿನದಿಂದ ನಡೀತಿದೆ ಇದು?"

"ಪಿಯುಸಿಯಿಂದ, ಸಾರ್."

"ಆಗ್ಲೂ ಇಷ್ಟೇ ಬಗ್ಗಿದ್ನಾ?"

"ಇಲ್ಲ ಸಾರ್. ಆಗ ನಿಮಗೆ ಎದುರುಮನೆ ಕಾಂಪೌಂಡ್ ಕಾಣ್ತಿತ್ತು. ಹೋದ ವರ್ಷ ಗೇಟಿನ ಚಿಲಕ. ಈಗ..."

"ಈಗ ಮೆಟ್ಲು," ಅಂದರು ಅವರು. ಸ್ವಲ್ಪ ಹೊತ್ತು ನೆರಳನ್ನೇ ನೋಡಿದರು. "ಮನೆಗೆ ಬಾ."

ಬಯ್ಯಲು ಕರೆದಿದ್ದಾರೆಂದುಕೊಂಡು ಹೋದೆ. ಹಜಾರದಲ್ಲಿ ಎರಡು ವಿಚಿತ್ರ ಕುರ್ಚಿಗಳಿದ್ದವು. ಎರಡೂ ಹಿಂದಕ್ಕೆ ವಾಲಿದ್ದವು. ಬೆನ್ನಿನ ಜಾಗದಲ್ಲಿ ಎರಡು ಮರದ ಕಮಾನು, ನಡುವೆ ಮಂಚಕ್ಕೆ ಹೆಣೆಯುವ ನವಾರು ಪಟ್ಟಿ. ಒಂದರಲ್ಲಿ ಹಪ್ಪಳದ ಡಬ್ಬ, ಇನ್ನೊಂದರಲ್ಲಿ ಬೆಕ್ಕು. ಬೆಕ್ಕಿಗೆ ಕುರ್ಚಿ ಚೆನ್ನಾಗಿ ಹೊಂದಿತ್ತು.

"ಅದು ಎರಡು ವರ್ಷದ ಹಿಂದಿನ ಇವ್ರು, ಇದು ಹೋದ ವರ್ಷದ ಇವ್ರು," ಎಂದು ಆಂಟಿ ನಗುನಗುತ್ತ ಪರಿಚಯ ಮಾಡಿಸಿದರು. ಅವರ ದನಿ ಯಾವಾಗಲೂ ಹಾಗೆಯೇ, ಹಬ್ಬದ ದಿನದ ದನಿ.

ಕೊಡೆ ಸಾರ್ ವಿವರಿಸಿದರು. ಮಾಮೂಲಿ ಕುರ್ಚಿಯಲ್ಲಿ ಕೂತರೆ ಅವರಿಗೆ ತಮ್ಮ ಮಂಡಿ ಮಾತ್ರ ಕಾಣುತ್ತದೆ. ಇಡೀ ಮನುಷ್ಯನನ್ನು ಹಿಂದಕ್ಕೆ ವಾಲಿಸಿದರೆ ಮುಖ ಮೇಲಕ್ಕೆ ಬಂದು ಎದುರಿನವರ ಮುಖಕ್ಕೆ ಸರಿಯಾಗಿ ನಿಲ್ಲುತ್ತದೆ. ಆದರೆ ಅಂಗಡಿಯ ಆರಾಮ ಕುರ್ಚಿಗೆ ಒರಗಿದರೆ ಗೂನು ಮಾತ್ರ ತಗುಲಿ, ಮಗುಚಿದ ಆಮೆಯಂತೆ ಹೊರಳಾಡಬೇಕು. ಬೆನ್ನು ಹೇಗೆ ಬಾಗಿದೆಯೋ ಹಾಗೇ ಬಾಗಿದ ಕಮಾನು ಬೇಕು. ಬಡಗಿಯೊಬ್ಬ ದಪ್ಪ ಹಲಗೆಯಲ್ಲಿ ಕಮಾನು ಕೊಯ್ದು ಕೊಟ್ಟಿದ್ದ. ಬಾಗಿದ ಕಡೆ ಮರದ ನಾರು ಅಡ್ಡ ಬಂದಿದ್ದರಿಂದ ಅದು ಕೂತ ಕೂಡಲೇ ಚಟ್ಟೆಂದಿತು. ಆಮೇಲೆ ತಾವೇ ಮಾಡಲು ಹಿಡಿದರು. ಹಲಸಿನ ಮರವನ್ನು ಅಡಿಕೋಲಿನಷ್ಟು ತೆಳುವಾದ ಪಟ್ಟಿಗಳಾಗಿ ಸೀಳಿಸಿ ತರುವುದು. ತೆಳುವಾದ ಪಟ್ಟಿ ಹೇಳಿದ ಹಾಗೆ ಬಾಗುತ್ತದೆ. ಒಂದರ ಮೇಲೊಂದು ಅಂಟು ಸವರಿ, ಎಲ್ಲವನ್ನೂ ಒಟ್ಟಿಗೆ ಬಗ್ಗಿಸಿ ಕಟ್ಟಿಬಿಟ್ಟರೆ, ಒಣಗಿದ ಮೇಲೆ ಬಾಗಿದ ಹಾಗೇ ನಿಂತುಬಿಡುತ್ತವೆ.

"ಡಾಕ್ಟ್ರು ನನ್ನ ಬೆನ್ನಿನ ವಿಷಯ ಹೇಳ್ತಾ ಇದ್ದಾಗ ಇದೇ ಜ್ಞಾಪಕ ಬಂತು. ಒಳಗೆ ಯಾರೋ ಪಟ್ಟಿ ಅಂಟಿಸ್ತಾ ಕೂತಿದಾನೆ. ಬಹಳ ಒಳ್ಳೆ ಕೆಲಸಗಾರ. ಒಂದು ಸಂದು ಬಿಟ್ಟಿಲ್ಲ."

"ಎದುರಿನವರು ನೆಲದ ಮೇಲೆ ಕೂತ್ಕೊಂಡ್ರೆ ನಿಮಗೆ ಮುಖ ಕಾಣುತ್ತಲ್ಲ ಸಾರ್?" ಎಂದೆ ನಾನು.

"ಎಲ್ರನ್ನೂ ಕೆಳಗೆ ಕೂರಿಸಿಕೊಂಡು ಮೇಲಿಂದ ನೋಡೋಕೆ ನಾನೇನು ಮಠದ ಸ್ವಾಮಿಗಳಾ?"

ತೊಂದರೆಯೆಂದರೆ ಕೆಲಸ ನಿಧಾನ. ಭಾನುವಾರ ಮಾತ್ರ, ಅದೂ ನೋವು ಕಡಿಮೆಯಿದ್ದ ಭಾನುವಾರ. ಮಳೆಗಾಲದಲ್ಲಿ ಅಂಟು ಒಣಗುವುದಿಲ್ಲ. ಗೋಡೆಗೆ ಪಕ್ಕೆ ಒರಗಿಸಿ ನಿಂತು, ಹೆಂಡತಿಯ ಕೈಯಲ್ಲಿ ಬೆನ್ನಿನಗುಂಟ ಪೆನ್ಸಿಲ್ ಗೆರೆ ಹಾಕಿಸಿಕೊಂಡು, ಆ ಗೆರೆಗೆ ಸರಿಯಾಗಿ ಮರ ಬಗ್ಗಿಸಿ, ಒಣಗಿಸಿ, ಉಜ್ಜಿ, ಕುರ್ಚಿ ಮಾಡಿ ಮುಗಿಸುವಷ್ಟರಲ್ಲಿ ಬೆನ್ನು ಇನ್ನಷ್ಟು ಬಾಗಿರುತ್ತಿತ್ತು. ಕುರ್ಚಿ ಹೋದ ವರ್ಷದ್ದು, ಬೆನ್ನು ಈ ವರ್ಷದ್ದು. ಎರಡು ಸಲವೂ ಹಾಗೇ ಆಯಿತು.

"ಅದಕ್ಕೇ ನಿನ್ನ ಕರ್ದಿದ್ದು. ಮುಂದಿನ ವರ್ಷದ ನನ್ನನ್ನ ಮಾಡು."

"ಅದು ಹೇಗೆ ಸಾರ್ ಗೊತ್ತಾಗುತ್ತೆ?"

"ಪಿಯುಸಿಯಲ್ಲಿ ಮಾಡ್ತಿದ್ಯಲ್ಲ, ಅಲ್ಲಿಂದ ಶುರು ಮಾಡು. ಒಂದಾದ ಮೇಲೊಂದು ಮಾಡ್ಕೊಂಡು ಬಾ. ನಿಲ್ಲಿಸ್ಬೇಡ."

ಗೋಡೆಗೆ ಪಕ್ಕೆ ಒರಗಿಸಿ ನಿಂತೆ. ಮೊದಲು, ಎದುರುಮನೆಯ ಕಾಂಪೌಂಡ್ ಕಾಣುತ್ತಿದ್ದ ಕಾಲದ ಕೊಡೆ ಸಾರ್. ಹೆಗಲು ಮುಂದೆ, ಗಲ್ಲ ಇನ್ನೂ ಎದೆಯಿಂದ ದೂರ. ಅಷ್ಟರಲ್ಲಿ ಸೌಟು ಹಿಡಿದುಕೊಂಡೇ ಅಡುಗೆಮನೆಯಿಂದ ಬಂದ ಆಂಟಿ ಬಾಗಿಲಲ್ಲಿ ನಿಂತುಬಿಟ್ಟರು. "ರೀ, ಹೀಗೇ ಇದ್ರಿ ಕಣ್ರೀ," ಅಂದರು. ಆ ಒಂದು ಸಲ ಅವರ ದನಿಯಲ್ಲಿ ಹಬ್ಬವಿರಲಿಲ್ಲ. ಒಳಗೆ ಹೋದರು. ನಾನು ಹೋದ ವರ್ಷಕ್ಕೆ ಬಂದೆ, ಈ ವರ್ಷಕ್ಕೆ ಬಂದೆ. ಮೂರು ಮೆಟ್ಟಲು ಇಳಿದ ಕಾಲಿಗೆ ನಾಲ್ಕನೆಯದು ಕತ್ತಲಲ್ಲೂ ಸಿಗುತ್ತದಲ್ಲ, ಹಾಗೆ ಮೈ ತಾನಾಗಿ ಮುಂದಿನ ವರ್ಷಕ್ಕೆ ಇಳಿಯಿತು.

"ಅಷ್ಟೇನಾ?"

"ಅಷ್ಟೇ ಸಾರ್."

"ದಾಕ್ಷಿಣ್ಯ ಬೇಡ ಕಣಯ್ಯ. ಕುರ್ಚಿ ಕೆಟ್ಟುಹೋಗುತ್ತೆ."

ಇನ್ನಷ್ಟು ಬಗ್ಗಿದೆ. ಅವರು ಗೆರೆ ಎಳೆದರು.

ಪಟ್ಟಿ ತರುವ ಕೆಲಸ ನನಗೆ ಬಂತು. ಮಾಗಡಿ ರಸ್ತೆಯಲ್ಲಿ ಸುಂಕದಕಟ್ಟೆಯ ಕಡೆ ಒಂದು ಸಾಮಿಲ್ಲು. ಅಲ್ಲಿಂದ ಸೈಕಲ್ಲಿನ ಹಿಂದೆ ಕಟ್ಟಿಕೊಂಡು ಬರುವಾಗ ಉದ್ದನೆಯ ಪಟ್ಟಿಗಳು ದಾರಿಯುದ್ದಕ್ಕೂ ಕುಣಿಯುತ್ತಿದ್ದವು. "ಬಿಲ್ಲು ಸಿಕ್ತು, ಬಾಣ ಎಲ್ಲಿ ಗುರು?" ಎಂದು ಟೀ ಅಂಗಡಿಯವರು ಕೂಗಿದರು. ಡಿಗ್ರಿ ಓದುತ್ತಿರುವ ಹುಡುಗ ಕೊನೆಗೂ ಒಂದು ಕಸುಬಿಗೆ ಸೇರಿದ ಎಂದು ನಮ್ಮಪ್ಪ ನೆರೆಯವರಿಗೆ ಹೇಳಿಕೊಂಡರು, ಸಂಕಟದಿಂದಲೋ ಸಮಾಧಾನದಿಂದಲೋ ಗೊತ್ತಾಗದ ಹಾಗೆ.

ಅಂಟಿನದ್ದು ದೊಡ್ಡ ಕಥೆ. ಬಡಗಿಗಳು ಹಚ್ಚುವುದು ಸರೇಸು, ಅಂದರೆ ದನದ ಚರ್ಮ ಮೂಳೆ ಬೇಯಿಸಿ ಮಾಡಿದ್ದು. ಅದನ್ನು ಒಲೆಯ ಮೇಲೆ ಕಾಯಿಸಬೇಕು. ಹಜಾರದಲ್ಲೇ ದೇವರ ಗೂಡಿದ್ದ ಆ ಮನೆಯಲ್ಲಿ ಅದರ ಹೆಸರೆತ್ತುವಂತಿರಲಿಲ್ಲ. ಅಂಗಡಿಯಲ್ಲಿ ಸಿಗುವ ಬಿಳಿಯದೂ ಬೇಡವೆಂದರು ಆಂಟಿ: "ಡಬ್ಬಿ ಮೇಲೆ ಏನು ಬರ್ದಿದ್ರೇನು, ಒಳಗೆ ಯಾವ ಮೂಳೆಯೋ." ಕೊನೆಗೆ ಕೊಡೆ ಸಾರ್ ಕಾರ್ಖಾನೆಯ ಹಳಬರೊಬ್ಬರಿಂದ ಹಾಲಿನ ಅಂಟು ಕಲಿತು ಬಂದಿದ್ದರು. ಕೆನೆ ತೆಗೆದ ಹಾಲು ಒಡೆಸಿ, ನೀರು ಹಿಂಡಿ, ಉಳಿದ ಗಟ್ಟಿಗೆ ಎಲೆಗೆ ಹಾಕುವ ಸುಣ್ಣ ಕಲಸಬೇಕು. ಮೂಳೆಯ ಸಮಸ್ಯೆ ಹೋಯಿತು, ಇನ್ನೊಂದು ಬಂತು. ಹಾಲು ತಾನಾಗಿ ಒಡೆದರೇ ಏನೋ ಕೇಡು ಎಂದು ಹೆದರುವ ಆಂಟಿಯ ಮುಂದೆ, ಬೆಳಗ್ಗೆ ಎದ್ದು ಬೇಕೆಂದೇ ನಿಂಬೆಹಣ್ಣು ಹಿಂಡಿ ಹಾಲು ಒಡೆಸುವುದು! "ಹಿತ್ತಲಲ್ಲಿ ಒಡೆಸ್ಕೊಳ್ಳಿ. ನನ್ನ ಕಣ್ಣಿಗೆ ಕಾಣಿಸ್ಬೇಡಿ," ಎಂದು ಆಕೆ ಬಾಗಿಲು ಹಾಕಿಕೊಳ್ಳುತ್ತಿದ್ದರು.

ಆದರೆ ಸುಣ್ಣ ಬಿದ್ದ ಮೇಲೆ ಬಾಗಿಲು ಹಾಕಿಕೊಂಡರೆ ನಡೆಯುವುದಿಲ್ಲ, ಅಂಟು ಬೇಗ ಕಲ್ಲಾಗುತ್ತದೆ. ಮೂರು ಜನರೂ ಕೈ ಹಾಕಬೇಕು. ಆ ಭಾನುವಾರ ಹಜಾರ ಯಜ್ಞಶಾಲೆಯಂತಿತ್ತು. "ಹಚ್ಚೋ, ಹಚ್ಚೋ! ಅಂಚಿಗೆ ಹಚ್ಚು! ಏಯ್, ದೇವರಿಗೆ ಗಂಧ ಹಚ್ಚೋ ಹಾಗೆ ಹಚ್ತಿದಾನಲ್ಲೇ ಇವನು!" ಎಂದು ಕೊಡೆ ಸಾರ್. "ರೀ, ಬೆಕ್ಕು! ಬೆಕ್ಕು ಬಟ್ಟಲಿಗೆ ಬಾಯಿ ಹಾಕ್ತು!" ಎಂದು ಆಂಟಿ. ಗೋಡೆಯಿಂದ ಹಲಗೆಗೆ ಇಳಿಸಿಕೊಂಡ ಗೆರೆಯ ಮೇಲೆ ಸಾಲಾಗಿ ಮರದ ತುಂಡು ಬಡಿದು, ಅದಕ್ಕೆ ಪಟ್ಟಿಗಳ ಕಟ್ಟನ್ನು ಒತ್ತಿ ಹಿಡಿದು ನಾನು, ಹಳೆಯ ಸೈಕಲ್ ಟ್ಯೂಬನ್ನು ಸೀಳಿ ಬಿಗಿಯಾಗಿ ಸುತ್ತುತ್ತ ಅವರು. ಹುಳಿ ಹುಳಿ ವಾಸನೆ. ಎಲ್ಲ ಮುಗಿದಾಗ ನನ್ನ ಕೂದಲಿಗೂ ಅಂಟಾಗಿ, ಮರುದಿನ ಕಾಲೇಜಿಗೆ ಹೋದರೆ ಪಕ್ಕದವನು ಮೂಸಿ ನೋಡಿ, "ಏನ್ ಮಗಾ, ಪೇಡಾ ಅಂಗ್ಡಿ ಇಟ್ಯಾ?" ಅಂದ.

"ಬಿಚ್ಚಿದ ಮೇಲೆ ಮರ ಒಂಚೂರು ಹಿಂದಕ್ಕೆ ಬರುತ್ತೆ. ಅದಕ್ಕೇ ಗೆರೆಗಿಂತ ಒಂಚೂರು ಜಾಸ್ತಿ ಬಗ್ಗಿಸಿರೋದು," ಎಂದರು ಟ್ಯೂಬಿನ ಗಂಟು ಹಾಕುತ್ತ. "ಮೊದಲು ನೇರ ಇದ್ದಿದ್ದು ಅದಕ್ಕೆ ಜ್ಞಾಪಕ ಇರುತ್ತೆ."

"ನಿಮಗೆ ಇದ್ಯಾ ಸಾರ್?"

"ನನಗಿಲ್ಲ. ಗೋಡೆಗೆ ನಿಂತು ಮೊದಲು ಮಾಡಿದ್ಯಲ್ಲ, ಅದು ನಾನು ಅಂತ ಅವಳು ಹೇಳಿದ ಮೇಲೆ ಗೊತ್ತಾಯ್ತು."

ಕುರ್ಚಿ ತಯಾರಾಯಿತು. ಕೂತು ನೋಡಿದರೆ ಕಮಾನಿಗೂ ಬೆನ್ನಿಗೂ ನಡುವೆ ದೊಡ್ಡ ಸಂದು. ಮುಂದಿನ ವರ್ಷ ಇನ್ನೂ ಬಂದಿರಲಿಲ್ಲ. ಬೆಳೆಯುವ ಹುಡುಗನಿಗೆ ದೊಡ್ಡ ಅಂಗಿ ಹೊಲಿಸಿಟ್ಟ ಹಾಗಾಯಿತು. ಸಂದಿಗೆ ಆಂಟಿ ದಿಂಬು, ಹಚ್ಚಡ, ಹಳೆಯ ಸೀರೆ ಎಲ್ಲ ತುರುಕಿದರು. ತಿಂಗಳುಗಳು ಹೋದಂತೆ ಒಂದೊಂದನ್ನಾಗಿ ತೆಗೆದರು. ಮೊದಲು ದಿಂಬು ಹೋಯಿತು. "ಹಚ್ಚಡ ಒತ್ತುತ್ತಾ ಇದೆ, ತೆಗಿಯೇ," ಎಂದು ಅವರು ಒಂದು ದಿನ ಹೇಳಿದಾಗ ಆಂಟಿ ಹಚ್ಚಡವನ್ನು ಎಳೆದುಕೊಂಡು, ಮಡಿಸಿ, ಎದೆಗೆ ಹಿಡಿದು ಸ್ವಲ್ಪ ಹೊತ್ತು ಅಲ್ಲೇ ನಿಂತಿದ್ದರು. "ಒಳ್ಳೇದೇ ಆಯ್ತು, ಒಗೀಬೇಕಾಗಿತ್ತು," ಎಂದು ಅದೇ ಹಬ್ಬದ ದನಿಯಲ್ಲಿ ಹೇಳಿ ಹೊರಟರು.

ಕೊನೆಯ ಸೀರೆಯನ್ನೂ ತೆಗೆದ ದಿನ ನಾನು ಅಲ್ಲಿದ್ದೆ. ದೀಪಾವಳಿ ಕಳೆದಿತ್ತು. ಅವರು ಮೆಲ್ಲಗೆ ಒರಗಿದರು. ಬೆನ್ನು ಕಮಾನಿನೊಳಗೆ ಸದ್ದಿಲ್ಲದೆ ಹೋಗಿ ಕೂತಿತು. ಮುಖ ನಿಧಾನವಾಗಿ ಮೇಲೆ ಬಂತು. ನಾನು ಎದುರಿಗೇ ನಿಂತಿದ್ದೆ.

"ನೀನಾ?" ಅಂದರು. "ದನಿ ಕೇಳಿ ಇನ್ನೂ ಸ್ವಲ್ಪ ಚೆನ್ನಾಗಿದೀಯ ಅಂದ್ಕೊಂಡಿದ್ದೆ."

"ದನಿ ನಂದಲ್ಲ ಸಾರ್, ಬೇರೆಯವರದ್ದು. ಮುಖ ಮಾತ್ರ ಸ್ವಂತದ್ದು."

ಅವರು ನಕ್ಕರು. ನಗುತ್ತಲೇ ಕಣ್ಣು ನನ್ನನ್ನು ದಾಟಿ ಹಜಾರದ ಆ ತುದಿಗೆ ಹೋಯಿತು. ಅಡುಗೆಮನೆಯ ಬಾಗಿಲಿಗೆ ಒರಗಿ ಆಂಟಿ ನಿಂತಿದ್ದರು. ಅಷ್ಟು ದೂರದವರೆಗೆ ಅವರ ಕಣ್ಣು ಬರುತ್ತದೆಂಬುದು ಆಕೆಗೆ ಅಭ್ಯಾಸ ತಪ್ಪಿಹೋಗಿತ್ತು. ಊಟಕ್ಕೆ ಬಡಿಸಲು ಬಗ್ಗುವಾಗ, ಕಾಲಿಗೆ ಎಣ್ಣೆ ತಿಕ್ಕಲು ಕೆಳಗೆ ಕೂರುವಾಗ ಆಕೆ ಮುಖವನ್ನು ಸಿದ್ಧ ಮಾಡಿಕೊಂಡೇ ಬರುತ್ತಿದ್ದರು. ನಿಂತಿದ್ದಾಗ ಬೇಕಾಗಿರಲಿಲ್ಲ. ನಿಂತಿದ್ದಾಗ ಮುಖ ತನ್ನ ಪಾಡಿಗೆ ತಾನಿರುತ್ತಿತ್ತು. ನಾನು ಎಷ್ಟೋ ಸಲ ನೋಡಿದ್ದೆ; ಅದನ್ನು ಮಾತ್ರ ಎಂದೂ ಅನುಕರಿಸಿರಲಿಲ್ಲ.

"ಸರಿಯಾಗಿ ಕೂತ್ಕೊಳ್ತಾ ಹೇಗೆ?" ಎಂದಿತು ಹಬ್ಬದ ದನಿ.

ಅವರು ನೋಡುತ್ತಲೇ ಇದ್ದರು. ಆಕೆಗೆ ಅರಿವಾಗಿ ಸೆರಗಿನಿಂದ ಮುಖ ಒರೆಸಿಕೊಂಡು ನಗುವಷ್ಟರಲ್ಲಿ ತಡವಾಗಿತ್ತು.

"ಎಷ್ಟು ದಿನದಿಂದ ಹೀಗೇ ಇದೆ ನಿನ್ನ ಮುಖ?"

"ಹೀಗೇ ಅಂದ್ರೆ? ಹೊಗೆ ಕಣ್ರೀ. ಒಲೆ ಹೊಗೆ."

"ಹೊಗೆನಾ," ಅಂದರು ಅವರು.

ಕುರ್ಚಿಯ ಸುದ್ದಿ ಕೇಳಿ ನೆರೆಹೊರೆಯವರು ನೋಡಲು ಬಂದರು. ಆರ್‌ಪಿಸಿ ಲೇಔಟಿನಿಂದ ಅವರ ಹಳೆಯ ಗೆಳೆಯರೊಬ್ಬರು ಬಂದರು. ಎಲ್ಲರೂ ಎದುರಿಗೆ ಕೂತು ಕಾಫಿ ಕುಡಿದು ಕುರ್ಚಿಯನ್ನು ಹೊಗಳಿದರು. ಕೊಡೆ ಸಾರ್ ರಾಜರಂತೆ ಒರಗಿ ಒಬ್ಬೊಬ್ಬರ ಮುಖವನ್ನೂ ನೋಡಿದರು. ಅವರೆಲ್ಲ ಹೋದ ಮೇಲೆ ನನಗೆ ಹೇಳಿದರು: "ಕಾಲುಗಳೇ ವಾಸಿ ಕಣಯ್ಯ. ಕಾಲಿಗೆ ಅಯ್ಯೋ ಪಾಪ ಅನ್ನೋಕೆ ಬರಲ್ಲ."

ಸಂಕ್ರಾಂತಿಯ ಹೊತ್ತಿಗೆ ಕುರ್ಚಿ ಹಳತಾಯಿತು. ಕಣ್ಣು ಮತ್ತೆ ಇಳಿಯತೊಡಗಿತು. ಎದುರಿನವರ ಗಲ್ಲ, ಆಮೇಲೆ ಅಂಗಿಯ ಗುಂಡಿ, ಆಮೇಲೆ ಮಂಡಿ. ಕಾರ್ಖಾನೆಗೆ ಹೋಗುವುದು ನಿಂತಿತ್ತು. ಮಾತಿನ ನಡುವೆ ಉಸಿರಿಗಾಗಿ ನಿಲ್ಲುವುದು ಶುರುವಾಗಿತ್ತು, ನಾನು ಅದನ್ನು ಗಮನಿಸಿದ್ದೆ, ನೆಗಡಿ ಅಂದುಕೊಂಡಿದ್ದೆ. ಒಂದು ಬೆಳಗ್ಗೆ ಆಂಟಿಯ ಕೈಯಲ್ಲಿ ಹೇಳಿ ಕಳಿಸಿದರು.

"ಇನ್ನೊಂದು ವರ್ಷದ್ದು ಮಾಡು," ಅಂದರು.

"ಕಾಲುಗಳೇ ವಾಸಿ ಅಂದ್ರಲ್ಲ ಸಾರ್?"

"ಅಂದೆ." ಉಸಿರು ತೆಗೆದುಕೊಂಡರು. "ಬೇರೆಯವರದ್ದು ಬೇಡ. ಅವಳದ್ದು ಬೇಕು. ಎಂಥ ಮುಖನಾದ್ರೂ ಆಗ್ಲಿ. ಹೊಗೆ ತುಂಬಿದ್ದಾದ್ರೂ ಆಗ್ಲಿ."

ಗೋಡೆಗೆ ನಿಂತೆ. ಕಾಂಪೌಂಡಿನಿಂದ ಶುರು ಮಾಡಿದೆ, ಚಿಲಕ, ಮೆಟ್ಟಲು, ಕುರ್ಚಿಯ ವರ್ಷ, ಎಲ್ಲವನ್ನೂ ದಾಟಿ ಮುಂದಕ್ಕೆ ಇಳಿದೆ. ಈ ಸಲ ದಾಕ್ಷಿಣ್ಯ ಮಾಡಲಿಲ್ಲ. ಗಲ್ಲ ಎದೆಗೆ ಒತ್ತಿತು. ಹೊಟ್ಟೆ ಮಡಿಸಿಕೊಂಡಿತು. ಅಷ್ಟು ಬಾಗಿದ್ದರಿಂದ ನನ್ನ ಬೆನ್ನು ಅವರ ಕಣ್ಣಳತೆಗೇ ಬಂದಿತ್ತು. ಪೆನ್ಸಿಲ್ಲು ಸೊಂಟದ ಬಳಿ ಗೋಡೆಗೆ ತಾಗಿ ಮೇಲೆ ಬರುವುದು ಕೇಳಿಸುತ್ತಿತ್ತು. ಉಸಿರು ಎಳೆದೆ. ಬರಲಿಲ್ಲ. ಪಕ್ಕೆ ಅಗಲವಾಗಲು ಜಾಗವೇ ಇರಲಿಲ್ಲ. ಇಷ್ಟು ವರ್ಷ ಅವರ ನಡಿಗೆ, ಅವರ ಕತ್ತು, ಅವರ ಕೈ ಎಲ್ಲ ಕಲಿತಿದ್ದೆ, ಉಸಿರನ್ನು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ. ಹಲ್ಲು ಕಚ್ಚಿ ನಿಂತೆ. ಪೆನ್ಸಿಲ್ಲು ಬೆನ್ನಿನ ನಡುವಿಗೆ ಬಂತು. ಅಷ್ಟರಲ್ಲಿ ನನ್ನ ಮೈ, ನನ್ನನ್ನು ಕೇಳದೆ, ಸಟ್ಟನೆ ನೆಟ್ಟಗಾಗಿ ಗಾಳಿಯನ್ನು ದೊಡ್ಡ ಸದ್ದಿನೊಂದಿಗೆ ಎಳೆದುಕೊಂಡಿತು.

ಪೆನ್ಸಿಲ್ಲು ಅರ್ಧ ಗೆರೆಯಲ್ಲೇ ನಿಂತಿತು.

"ಎದ್ದುಬಿಟ್ಯಾ?"

"ಇನ್ನೊಂದ್ಸಲ ಮಾಡ್ತೀನಿ ಸಾರ್. ಕಾಲು ಜಾರ್ತು."

"ಜಾರ್ಲಿಲ್ಲ. ನಾನು ಕಾಲನ್ನೇ ನೋಡ್ತಾ ಇದ್ದೆ." ಪೆನ್ಸಿಲ್ಲನ್ನು ಗೋಡೆಯಿಂದ ತೆಗೆದರು. "ಉಸಿರು ಬರ್ಲಿಲ್ಲ, ಅಲ್ವಾ?"

ಊರಿನವರ ದನಿಗಳೆಲ್ಲ ನನ್ನ ಬಳಿ ಇದ್ದವು. ಆ ಹೊತ್ತಿಗೆ ಒಂದೂ ಒದಗಲಿಲ್ಲ.

"ಹೂಂ ಸಾರ್," ಅಂದೆ.

ಅವರು ಕಿಟಕಿಯ ಕಟ್ಟೆಯನ್ನು ತಡವಿ ಪೆನ್ಸಿಲ್ಲನ್ನು ಅದರ ಮೇಲಿಟ್ಟರು. ಇಡೀ ಮೈಯನ್ನು ನಿಧಾನವಾಗಿ ಅಡುಗೆಮನೆಯ ಕಡೆ ತಿರುಗಿಸಿ, ನಾನು ಅವರಿಂದ ಎಂದೂ ಕೇಳಿರದ ಹಬ್ಬದ ದನಿಯಲ್ಲಿ ಕೂಗಿದರು: "ಕೇಳ್ತೇನೇ? ಅಳತೆ ಆಯ್ತು. ಇವನಿಗೆ ಒಂದ್ಲೋಟ ಕಾಫಿ ಕೊಡು, ಪಾಪ, ಸುಸ್ತಾಗಿದಾನೆ."

ದನಿಯಲ್ಲಿ ಒಂದು ಕುಂದೂ ಇರಲಿಲ್ಲ. ಮುಖ ಹೇಗಿತ್ತೋ. ನಿಂತಿದ್ದ ನನಗೆ ಕಂಡದ್ದು ಅವರ ನೆತ್ತಿಯ ಬೋಳು ಮಾತ್ರ. ನೋಡಬೇಕಾಗಿದ್ದರೆ ನಾನು ಕೆಳಗೆ ಕೂರಬೇಕಾಗಿತ್ತು. ನಿಂತೇ ಇದ್ದೆ.